ಹಳೆಯ ಕಾರಿನ ಎಂಜಿನ್ ಕಾಯುತ್ತಿದ್ದರೆ ಕಾರಣ ಹುಡುಕುವ ಕ್ರಮ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಸುತ್ತಿನ ಕಾಫಿ ತೋಟಗಳ ಶೆಡ್ಡುಗಳಲ್ಲಿ ಹಳೆಯ ವಿಲ್ಲಿಸ್ ಮತ್ತು ಮಹೀಂದ್ರ ಜೀಪುಗಳು, ಅಂಬಾಸಿಡರ್, ಫಿಯಟ್ 1100, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್‌ಗಳು ಇಂದಿಗೂ ಉಳಿದುಕೊಂಡಿವೆ. ಅವುಗಳನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಎದುರಾಗುವ ಮೊದಲ ದೊಡ್ಡ ತೊಂದರೆ ಬಹುಪಾಲು ಒಂದೇ ಬಗೆಯದು: ಊರೊಳಗೆ ಚೆನ್ನಾಗಿ ಓಡುವ ಗಾಡಿ, ಕೈಮರ ದಾಟಿ ಬಾಬಾಬುಡನ್‌ಗಿರಿಯ ಏರು ಹಿಡಿದ ಸ್ವಲ್ಪ ಹೊತ್ತಿಗೆ ವಿಪರೀತ ಬಿಸಿಯಾಗಿ ನಿಲ್ಲುತ್ತದೆ. ಆಗ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ದಾರಿ ತೆರೆಯುವ ಕವಾಟ) ಕಿತ್ತುಹಾಕುವುದು, ಅದಕ್ಕೂ ಬಗ್ಗದಿದ್ದರೆ ರೇಡಿಯೇಟರ್ ಬದಲಿಸುವುದು, ಅದಕ್ಕೂ ಬಗ್ಗದಿದ್ದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚುವುದು ನಮ್ಮ ಕಡೆಯ ರೂಢಿ. ಈ ರೂಢಿಯಲ್ಲಿ ಹಣವೂ ಹೋಗುತ್ತದೆ, ಮತ್ತೆ ಸಿಗದ ಹಳೆಯ ಭಾಗಗಳೂ ಹೋಗುತ್ತವೆ. ಎಂಜಿನ್ ಯಾವ ಸಂದರ್ಭದಲ್ಲಿ ಕಾಯುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿ, ಅಳೆದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾ ಹೋದರೆ, ಹೆಚ್ಚಿನ ಗಾಡಿಗಳಲ್ಲಿ ಕಾರಣ ಹೆಡ್ಡಿನವರೆಗೆ ಹೋಗುವ ಮೊದಲೇ ಸಿಕ್ಕಿಬಿಡುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನಮ್ಮ ಜಿಲ್ಲೆಗಳ ಎತ್ತರವನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು, ಮೇಲೇರಿದಂತೆ ಪ್ರತಿ 300 ಮೀಟರ್‌ಗೆ ಸುಮಾರು 1 ಡಿಗ್ರಿ ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಸಾವಿರ ಮೀಟರ್‌ಗಿಂತ ತುಸು ಮೇಲಿರುವ ಚಿಕ್ಕಮಗಳೂರು ಪಟ್ಟಣದಲ್ಲಿ ಅದು 96 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ; 1900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 94 ಡಿಗ್ರಿಯೊಳಗೇ ಕುದಿಯುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯೂ ಸಮುದ್ರಮಟ್ಟದ ಗಾಳಿಗಿಂತ ಸುಮಾರು ಶೇಕಡಾ 10ರಷ್ಟು ತೆಳುವಾಗಿರುವುದರಿಂದ, ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ಕಡಿಮೆ. ಮಂಗಳೂರಿನಲ್ಲಿ ಎಂದೂ ಕುದಿಯದ ಗಾಡಿ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಸೇರುವಷ್ಟರಲ್ಲಿ ಆವಿ ಕಾರಿದರೆ, ಅದರಲ್ಲಿ ಹೊಸ ದೋಷ ಹುಟ್ಟಿದೆ ಎಂದೇ ತಿಳಿಯಬೇಕಿಲ್ಲ. ಮೊದಲೇ ಇದ್ದ ಸಣ್ಣ ಕೊರತೆಯನ್ನು ಏರು ಮತ್ತು ಎತ್ತರ ಸೇರಿ ಹೊರಗೆಳೆದಿರುತ್ತವೆ.

ಕೈ ಹಾಕುವ ಮುನ್ನ

ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ಮೀರಿದ್ದರೂ ಕುದಿಯದೆ ಸುಮ್ಮನಿರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣವೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಆರಾಮವಾಗಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕಾಯಬೇಕು. ಎಂಜಿನ್ ಓಡುತ್ತಿರುವಾಗ ಪರೀಕ್ಷಿಸುವವರು ಪಂಚೆಯ ಅಂಚು, ಸೆರಗು, ಟವೆಲ್, ಸಡಿಲ ತೋಳುಗಳನ್ನು ಫ್ಯಾನಿನಿಂದ ದೂರವಿಡಬೇಕು. ಹಳೆಯ ಫ್ಯಾನಿನ ಅಲಗು ಸವೆದು ಬಿರುಕುಬಿಟ್ಟು ಹಾರಿದ ನಿದರ್ಶನಗಳಿರುವುದರಿಂದ, ಎಂಜಿನ್ ಜೋರಾಗಿ ಓಡುವಾಗ ಫ್ಯಾನಿನ ನೇರ ಪಕ್ಕದಲ್ಲಿ ನಿಲ್ಲಬಾರದು. ಚಕ್ರಗಳಿಗೆ ಕಲ್ಲು ಕೊಡುವುದನ್ನು ಮರೆಯಬಾರದು. ಹೊರಗೆ ಸುರಿದ ಕೂಲೆಂಟನ್ನು, ಅಂದರೆ ರೇಡಿಯೇಟರಿನ ನೀರಿಗೆ ಬೆರೆಸುವ ದ್ರವವನ್ನು, ಬಕೆಟ್ಟಿನಲ್ಲಿ ಹಿಡಿದು ವಿಲೇವಾರಿ ಮಾಡಬೇಕು. ಅದರಲ್ಲಿರುವ ಗ್ಲೈಕಾಲ್ ಸಿಹಿ, ಆದರೆ ವಿಷ, ಮತ್ತು ತೋಟದ ನಾಯಿಗಳು ಅದನ್ನು ನೆಕ್ಕಿ ಸಾಯುತ್ತವೆ.

ನಿಜವಾಗಿ ಕಾದಿದೆಯೇ?

ಮೀಟರಿನ ಮುಳ್ಳು ಮೇಲೇರಿದ ಮಾತ್ರಕ್ಕೆ ಎಂಜಿನ್ ಕಾದಿದೆ ಎನ್ನಲಾಗದು. 1960ರ ದಶಕದ ಅನೇಕ ಬ್ರಿಟಿಷ್ ಮೂಲದ ಕಾರುಗಳಲ್ಲಿ ಟೆಂಪರೇಚರ್ ಮೀಟರ್ ಮತ್ತು ಪೆಟ್ರೋಲ್ ಮೀಟರ್ ಎರಡಕ್ಕೂ ಸರಾಸರಿ 10 ವೋಲ್ಟ್ ಕೊಡುವ ಒಂದೇ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟರೆ ಅಥವಾ ಅದರ ಅರ್ಥ್ ಸಡಿಲವಾದರೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ಹರಿದು ಎರಡೂ ಮುಳ್ಳುಗಳು ಒಟ್ಟಿಗೆ ಮೇಲೇರುತ್ತವೆ. ಹೀಗಾಗಿ ಎಂಜಿನ್ ಕಾದಂತೆ ತೋರಿದಾಗ ಪೆಟ್ರೋಲ್ ಮುಳ್ಳನ್ನೂ ನೋಡಬೇಕು. ಅರ್ಧ ಟ್ಯಾಂಕ್ ಇದ್ದರೂ ಅದು ಪೂರ್ಣ ತೋರಿಸುತ್ತಿದ್ದರೆ ರೇಡಿಯೇಟರಿನ ಕಡೆ ಹೋಗುವ ಅಗತ್ಯವೇ ಇಲ್ಲ. ಇನ್ನೂ ಹಳೆಯ ಗಾಡಿಗಳಲ್ಲಿ ತೆಳ್ಳನೆಯ ತಾಮ್ರದ ಕೊಳವೆಯುಳ್ಳ ಯಾಂತ್ರಿಕ ಮೀಟರ್ ಇರುತ್ತದೆ. ಅದರ ಕೊಳವೆ ಎಲ್ಲಿಯಾದರೂ ಜಜ್ಜಿಹೋಗಿದ್ದರೆ ಅಥವಾ ಸೋರಿದ್ದರೆ ಅದು ಸುಳ್ಳು ಹೇಳುತ್ತದೆ, ಇಲ್ಲವೇ ಏನನ್ನೂ ಹೇಳುವುದಿಲ್ಲ.

ಇಂದು ಸಾಧಾರಣ ಬೆಲೆಗೆ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈ ಕೆಲಸಕ್ಕೆ ಬಹಳ ಉಪಯುಕ್ತ. ಅದನ್ನು ಥರ್ಮೋಸ್ಟಾಟ್ ಇರುವ ಹೊರಕವಚಕ್ಕೆ, ರೇಡಿಯೇಟರಿನ ಮೇಲಿನ ಟ್ಯಾಂಕಿಗೆ, ಕೆಳಗಿನ ಟ್ಯಾಂಕಿಗೆ, ಸಿಲಿಂಡರ್ ಹೆಡ್ಡಿನ ಮುಂದಕ್ಕೆ ಮತ್ತು ಹಿಂದಕ್ಕೆ ಹಿಡಿದು ಪ್ರತಿಯೊಂದನ್ನೂ ಬರೆದುಕೊಳ್ಳಬೇಕು. ಹೊಳೆಯುವ ಲೋಹದ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಗಳಲ್ಲಿ ಚಿಕ್ಕ ಚುಕ್ಕೆಯಷ್ಟು ಮಂದ ಕಪ್ಪು ಬಣ್ಣ ಬಳಿದರೆ ಓದು ನಂಬಲರ್ಹವಾಗುತ್ತದೆ. ಗಾಡಿ ಚೆನ್ನಾಗಿದ್ದಾಗಲೇ ಈ ಅಂಕಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟವರು ಮುಂದೆ ಬಹಳ ಶ್ರಮ ಉಳಿಸಿಕೊಳ್ಳುತ್ತಾರೆ.

ಎರಡು ತಪ್ಪು ಗ್ರಹಿಕೆಗಳನ್ನು ಇಲ್ಲಿಯೇ ಬಿಡಿಸಬೇಕು. ಬದಿಯಲ್ಲಿ ಪ್ರತ್ಯೇಕ ಡಬ್ಬಿ ಇಲ್ಲದ ಹಳೆಯ ರೇಡಿಯೇಟರನ್ನು ಬಾಯಿಮಟ್ಟ ತುಂಬಿಸಿದರೆ, ನೀರು ಬಿಸಿಯಾಗಿ ಹಿಗ್ಗಿದಾಗ ಹೆಚ್ಚಾದದ್ದು ಓವರ್‌ಫ್ಲೋ ಕೊಳವೆಯಿಂದ ಹೊರಗೆ ಹೋಗಲೇಬೇಕು, ಅದು ಎಂಜಿನ್ ಕಾದ ಲಕ್ಷಣವಲ್ಲ. ಕತ್ತಿನಿಂದ ಎರಡು ಬೆರಳು ಕೆಳಗೆ ನಿಂತು ಮುಂದೆ ಇಳಿಯದಿದ್ದರೆ ಆ ಮಟ್ಟವೇ ಸರಿ. ಎರಡನೆಯದಾಗಿ, ಬಿಸಿಯಾದ ಗಾಡಿ ಕೆಮ್ಮಿ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆದರೆ, ಅದು ಪೆಟ್ರೋಲ್ ಪೈಪಿನಲ್ಲೇ ಇಂಧನ ಆವಿಯಾದ ತೊಂದರೆಯಾಗಿರಬಹುದು. ರೇಡಿಯೇಟರಿನ ನೀರು ಹದದಲ್ಲಿದ್ದಾಗಲೂ ಇದು ಸಂಭವಿಸುತ್ತದೆ. ಪೆಟ್ರೋಲ್ ಪೈಪು ಎಕ್ಸಾಸ್ಟ್ ಪಕ್ಕದಲ್ಲಿ ಹಾದುಹೋಗಿದೆಯೇ ಎಂದು ನೋಡಿ ದೂರ ಸರಿಸುವುದು ಅದರ ಮೊದಲ ಪರಿಹಾರ.

ಯಾವಾಗ ಕಾಯುತ್ತದೆ?

ಇಡೀ ಪರೀಕ್ಷೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಇದಕ್ಕೆ ಸಮಯ ಕೊಡದೆ ಸ್ಪ್ಯಾನರ್ ಹಿಡಿಯಬಾರದು. ಒಂದೇ ದಿನ, ಒಂದೇ ಹೊತ್ತಿನಲ್ಲಿ ಮೂರು ಬಗೆಯ ಓಟ ಮಾಡಿ ನೋಡುವುದು ಒಳ್ಳೆಯದು: ನಿಂತಲ್ಲೇ ಹದಿನೈದು ಇಪ್ಪತ್ತು ನಿಮಿಷ ಎಂಜಿನ್ ಓಡಿಸುವುದು, ಚಿಕ್ಕಮಗಳೂರಿನಿಂದ ಕಡೂರಿನ ಕಡೆಗೆ ಅಥವಾ ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಹೆಚ್ಚು ಏರಿಳಿತವಿಲ್ಲದ ರಸ್ತೆಯಲ್ಲಿ ಸಮ ವೇಗದಲ್ಲಿ ಓಡಿಸುವುದು, ಕೊನೆಗೆ ಒಂದು ಗುರುತಿಟ್ಟುಕೊಂಡ ಏರು ಹತ್ತಿಸುವುದು.

ನಿಂತಾಗ ಅಥವಾ ಸಂತೆಯ ದಿನದ ಜನದಟ್ಟಣೆಯಲ್ಲಿ ತೆವಳುವಾಗ ಕಾದು, ಬಯಲು ರಸ್ತೆಗೆ ಬಿದ್ದ ಕೂಡಲೇ ಮುಳ್ಳು ಇಳಿದರೆ ಕೊರತೆ ಗಾಳಿಯದು. ಫ್ಯಾನು, ಬೆಲ್ಟು, ರೇಡಿಯೇಟರಿನ ಹೊರಮೈ ನೋಡಬೇಕು. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ವೇಗ ಹೆಚ್ಚಿದಂತೆ ಕಾಯುತ್ತಾ ಹೋದರೆ ಕೊರತೆ ನೀರಿನ ಹರಿವಿನದು. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಪಂಪು ದುರ್ಬಲವಾಗಿರಬಹುದು, ಕೆಳಗಿನ ಹೋಸ್ ಒಳಕ್ಕೆ ಎಳೆದುಕೊಳ್ಳುತ್ತಿರಬಹುದು, ಅಥವಾ ಪೆಟ್ರೋಲ್ ಮಿಶ್ರಣ ತೆಳುವಾಗಿರಬಹುದು (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ). ಬರೀ ಏರಿನಲ್ಲಿ ಮಾತ್ರ ಕಾದರೆ ಭಾರ ಹೆಚ್ಚಿದಾಗ ಬಯಲಾಗುವ ಕೊರತೆಗಳನ್ನು, ಅಂದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ), ಭಾಗಶಃ ಕಟ್ಟಿದ ರೇಡಿಯೇಟರ್, ಹಿಡಿದುಕೊಂಡಿರುವ ಬ್ರೇಕ್, ಜಾರುವ ಕ್ಲಚ್ಚುಗಳನ್ನು ಶಂಕಿಸಬೇಕು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಐದಾರು ನಿಮಿಷಗಳಲ್ಲೇ ಕುದಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ಡು ಮತ್ತು ಬ್ಲಾಕಿನ ನಡುವಿನ ಸೀಲು) ಹೋಗಿದೆ. ಓಡುವಾಗ ಸರಿಯಿದ್ದು, ನಿಲ್ಲಿಸಿ ಕೀ ತೆಗೆದ ಮೇಲೆ ಗುಳುಗುಳು ಎಂದರೆ, ಪಂಪು ನಿಂತಾಗ ಕಬ್ಬಿಣದಲ್ಲಿ ಉಳಿದ ಶಾಖ ನೀರಿಗೆ ಇಳಿಯುತ್ತಿದೆ ಎಂದರ್ಥ. ಏರು ಮುಗಿದ ಮೇಲೆ ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಿಸಿ ನಿಲ್ಲಿಸಿದರೆ ಇದು ಬಹುಪಾಲು ನಿಲ್ಲುತ್ತದೆ.

ಬ್ರೇಕಿನ ಪರೀಕ್ಷೆ ಬಹಳ ಸುಲಭವಾದರೂ ಹೆಚ್ಚು ಮಂದಿ ಮಾಡುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹೆಚ್ಚು ಬಳಸದೆ ಓಡಿಸಿ, ನಿಲ್ಲಿಸಿದ ಮೇಲೆ ನಾಲ್ಕೂ ಡ್ರಮ್ಮುಗಳ ಶಾಖವನ್ನು ಅಳೆದು ಹೋಲಿಸಬೇಕು. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಗಾಡಿಯ ವೀಲ್ ಸಿಲಿಂಡರ್ ತುಕ್ಕು ಹಿಡಿದು ಬ್ರೇಕ್ ಶೂ ಬಿಡದೇ ಇರುವುದು ಮಲೆನಾಡಿನಲ್ಲಿ ಅಪರೂಪವಲ್ಲ, ಮತ್ತು ಆ ಹೆಚ್ಚುವರಿ ಭಾರವನ್ನು ಎಂಜಿನ್ನೇ ಹೊರಬೇಕು.

ನೀರು ಮತ್ತು ಮುಚ್ಚಳ

ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆರೆದು ನೀರಿನ ಬಣ್ಣ ನೋಡಬೇಕು. ಕೆಂಪು ಮಣ್ಣಿನ ಬಣ್ಣವಿದ್ದರೆ ಬ್ಲಾಕಿನ ಒಳಗೆ ತುಕ್ಕು ಕಳಚುತ್ತಿದೆ. ಮೇಲೆ ಎಣ್ಣೆಯ ಪದರವಿದ್ದರೆ ಗ್ಯಾಸ್ಕೆಟ್‌ನ ಕಡೆ ಗಮನ ಹರಿಸಬೇಕು. ಕಡೂರು, ಅರಸೀಕೆರೆಯಂಥ ಬಯಲುಸೀಮೆಯ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ತುಂಬಿಸಿದ ಗಾಡಿಗಳಲ್ಲಿ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಪೊರೆ ಸಿಲಿಂಡರುಗಳ ಸುತ್ತ ಕಟ್ಟಿರುತ್ತದೆ. ಆ ಪೊರೆ ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ. ಬ್ಯಾಟರಿಗೆ ಬಳಸುವ ಡಿಸ್ಟಿಲ್ಡ್ ವಾಟರ್ ಉತ್ತಮ. ಅದು ಸಿಗದಿದ್ದರೆ ಮೊದಲ ಮಳೆಗಳು ಹೆಂಚನ್ನು ತೊಳೆದ ನಂತರ ಹಿಡಿದು ಬಟ್ಟೆಯಲ್ಲಿ ಸೋಸಿದ ಮಳೆನೀರೂ ಆಗುತ್ತದೆ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲದಿದ್ದರೂ ಬರೀ ನೀರು ಹಾಕಬಾರದು, ಏಕೆಂದರೆ ತುಕ್ಕು ತಡೆಯುವ ಗುಣ ಕೂಲೆಂಟಿನಲ್ಲಿದೆ. ಹಾಗೆಂದು ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಶಾಖ ಹೊರುವುದರಲ್ಲಿ ನೀರೇ ಅದಕ್ಕಿಂತ ಮೇಲು. ಮೂರನೇ ಒಂದು ಪಾಲು ಕೂಲೆಂಟ್, ಉಳಿದದ್ದು ನೀರು ಎಂಬ ಪ್ರಮಾಣ ನಮ್ಮ ಹವೆಗೆ ಸಾಕು. ಹಳೆಯ ರೇಡಿಯೇಟರ್‌ಗಳು ತಾಮ್ರ ಮತ್ತು ಹಿತ್ತಾಳೆಯವು, ಸೀಸದ ಬೆಸುಗೆಯವು; ಅವಕ್ಕೆ ಒಪ್ಪುವುದೆಂದು ಬಾಟಲಿಯ ಮೇಲೆ ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಬೇಕು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ನೋಡಿ ತೀರ್ಮಾನಿಸಲಾಗದು, ಏಕೆಂದರೆ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ.

ಮುಚ್ಚಳವನ್ನು ಬರಿಯ ಮುಚ್ಚಳವೆಂದು ಕಡೆಗಣಿಸುವುದು ಸಾಮಾನ್ಯ. ಒತ್ತಡದ ವ್ಯವಸ್ಥೆಯ ಗಾಡಿಗಳಲ್ಲಿ 7 ಪಿಎಸ್ಐ (ಚದರ ಇಂಚಿಗೆ 7 ಪೌಂಡ್ ಒತ್ತಡದ) ಮುಚ್ಚಳವೊಂದು ನೀರಿನ ಕುದಿಬಿಂದುವನ್ನು ಸುಮಾರು 12 ಡಿಗ್ರಿ ಮೇಲೇರಿಸುತ್ತದೆ, ಅಂದರೆ ಚಿಕ್ಕಮಗಳೂರಿನಲ್ಲಿ 96 ಡಿಗ್ರಿಗೆ ಕುದಿಯಬೇಕಾದ ನೀರು 108 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಅದರ ರಬ್ಬರ್ ಒಣಗಿದರೆ ಅಥವಾ ಸ್ಪ್ರಿಂಗ್ ಸಡಿಲವಾದರೆ ಅಷ್ಟೂ ಲಾಭ ಹೋಯಿತು. ಮುಚ್ಚಳದ ಒಳಭಾಗದ ಉದ್ದ ರೇಡಿಯೇಟರ್ ಕತ್ತಿನ ಆಳಕ್ಕೆ ಹೊಂದಬೇಕು. ಆಳದ ಕತ್ತಿಗೆ ಗಿಡ್ಡ ಮುಚ್ಚಳ ಹಾಕಿದರೆ ಹೊರಗಿನಿಂದ ಬಿಗಿಯಾಗಿ ಕೂತಂತೆ ಕಂಡರೂ ಒಳಗೆ ಒತ್ತಡ ನಿಲ್ಲುವುದಿಲ್ಲ. ಈಗಿನ ಕಾರುಗಳ 13 ಅಥವಾ 15 ಪಿಎಸ್ಐ ಮುಚ್ಚಳವನ್ನು ಹಳೆಯ ರೇಡಿಯೇಟರಿಗೆ ಹಾಕುವುದು ಮಾತ್ರ ಅಪಾಯ. ಹಳೆಯ ಬೆಸುಗೆ ಆ ಒತ್ತಡಕ್ಕೆ ಬಿಟ್ಟುಕೊಳ್ಳುತ್ತದೆ.

ಗಾಳಿಯ ದಾರಿ

ಫ್ಯಾನ್ ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಇಂಚು ಬಾಗಬೇಕು. ಬೆಲ್ಟಿನ ಪಕ್ಕಗಳು ಕನ್ನಡಿಯಂತೆ ಮಿನುಗುತ್ತಿದ್ದರೆ, ಅಥವಾ ಬೆಲ್ಟು ಪುಲ್ಲಿಯ ತಳ ಮುಟ್ಟುವಷ್ಟು ಸವೆದಿದ್ದರೆ, ಎಷ್ಟು ಬಿಗಿದರೂ ಜಾರುತ್ತದೆ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಒಂದು ವೃತ್ತಪತ್ರಿಕೆಯ ಹಾಳೆಯನ್ನು ಗಾಡಿಯ ಮುಂದಿನಿಂದ ರೇಡಿಯೇಟರಿಗೆ ಹಿಡಿದರೆ ಅದು ಅಂಟಿಕೊಂಡು ನಿಲ್ಲಬೇಕು. ಬೀಳುತ್ತಿದ್ದರೆ, ಫ್ಯಾನನ್ನು ಯಾರಾದರೂ ಬಿಚ್ಚಿ ಹಿಂದುಮುಂದಾಗಿ ಜೋಡಿಸಿದ್ದಾರೆಯೇ ಎಂದು ನೋಡಬೇಕು. ಹಾಗೆ ಜೋಡಿಸಿದ ಫ್ಯಾನು ಗಾಳಿಯನ್ನು ಸರಿಯಾದ ದಿಕ್ಕಿಗೇ ತಳ್ಳುತ್ತದೆ, ಆದರೆ ಅಲಗಿನ ಬಾಗು ತಿರುವುಮುರುವಾದ್ದರಿಂದ ಬಹಳ ಕಡಿಮೆ ತಳ್ಳುತ್ತದೆ. ಇದೇ ಕಾರಣಕ್ಕೆ ಈ ದೋಷ ಕಣ್ಣಿಗೆ ಬೀಳುವುದು ಕಷ್ಟ. ಫ್ಯಾನಿನ ಸುತ್ತಲಿನ ತಗಡಿನ ಕವಚ ಮೂಲದಲ್ಲಿ ಇದ್ದು ಈಗ ಕಾಣೆಯಾಗಿದ್ದರೆ ಅದನ್ನು ಮತ್ತೆ ಮಾಡಿಸಲೇಬೇಕು. ಗ್ರಿಲ್ಲಿನ ಮುಂದೆ ಸಾಲಾಗಿ ಕಟ್ಟಿದ ಫಾಗ್ ಲ್ಯಾಂಪು ಮತ್ತು ಬ್ಯಾಡ್ಜುಗಳು ಪ್ರದರ್ಶನಕ್ಕೆ ಚೆಂದ, ಘಾಟಿ ಹತ್ತುವ ದಿನ ಅವುಗಳನ್ನು ತೆಗೆದಿಡುವುದು ಲೇಸು.

ರೇಡಿಯೇಟರಿನ ರೆಕ್ಕೆಗಳ ನಡುವೆ ಕೆಸರು, ಕೀಟ, ಹುಲ್ಲಿನ ಬೀಜ, ಕಾಫಿ ಒಣಗಿಸುವ ಕಣದ ಸಿಪ್ಪೆಯ ಧೂಳು ಸೇರಿಕೊಳ್ಳುತ್ತವೆ. ತೋಟದೊಳಗೆ ಓಡುವ ಜೀಪುಗಳಲ್ಲಿ ಇದೊಂದೇ ಕಾರಣ ಸಾಕಾಗಿಬಿಡುತ್ತದೆ. ನೀರನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಕೊಳೆ ಬಂದ ದಾರಿಯಲ್ಲೇ ಹೊರಹೋಗುವಂತೆ, ಮೆಲ್ಲನೆಯ ಒತ್ತಡದಲ್ಲಿ ಹಾಯಿಸಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರು ತೆಳು ರೆಕ್ಕೆಗಳನ್ನು ಮಡಚಿಬಿಡುತ್ತದೆ. ರೆಕ್ಕೆಗಳು ಹಸಿರುಗಟ್ಟಿ, ಬೆರಳಿಗೆ ಪುಡಿಯಾಗಿ ಉದುರುತ್ತಿದ್ದರೆ ಅವು ಕೊಳವೆಗಳಿಂದ ಬಿಟ್ಟುಕೊಂಡಿವೆ. ಅಂಥ ರೇಡಿಯೇಟರಿಗೆ ಹೊಸ ಕೋರ್ (ಕೊಳವೆ ಮತ್ತು ರೆಕ್ಕೆಗಳ ಜೋಡಣೆ) ಹಾಕಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ನೀರಿನ ದಾರಿ

ಎಂಜಿನ್ ಪೂರ್ಣ ಬಿಸಿಯಾದ ಮೇಲೆ ನಿಲ್ಲಿಸಿ, ರೇಡಿಯೇಟರಿನ ಮುಖವನ್ನು ಥರ್ಮಾಮೀಟರಿನಿಂದ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಅಳೆಯುತ್ತಾ ಬರಬೇಕು. ಮೇಲಿನಿಂದ ಕೆಳಕ್ಕೆ ಶಾಖ ಹಂತಹಂತವಾಗಿ ಇಳಿಯುವುದು ಸಹಜ. ನಡುವೆ ಎಲ್ಲಿಯಾದರೂ ತಣ್ಣನೆಯ ಪಟ್ಟಿಯಿದ್ದರೆ ಅಲ್ಲಿನ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ತಣ್ಣಗಾದ ರೇಡಿಯೇಟರನ್ನು ಬಿಚ್ಚಿ, ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನೀರು ತುಂಬಿ, ಒಮ್ಮೆಲೇ ಕೈ ತೆಗೆಯಬೇಕು. ನೀರು ಬಾಯಿ ತುಂಬ ಧುಮುಕಬೇಕು; ಸಣ್ಣ ಧಾರೆಯಾಗಿ ಇಳಿದರೆ ಒಳಗೆ ಕಟ್ಟಿಕೊಂಡಿದೆ. ತಾಮ್ರದ ಹಳೆಯ ರೇಡಿಯೇಟರಿನ ದೊಡ್ಡ ಗುಣವೆಂದರೆ ಅದನ್ನು ದುರಸ್ತಿ ಮಾಡಬಹುದು: ಮೇಲಿನ ಮತ್ತು ಕೆಳಗಿನ ಟ್ಯಾಂಕುಗಳ ಬೆಸುಗೆ ಬಿಡಿಸಿ, ಕೊಳವೆಗಳಲ್ಲಿ ತೆಳು ಸರಳು ತೂರಿಸಿ ಸ್ವಚ್ಛಗೊಳಿಸುವ ಕೆಲಸ ಬಲ್ಲ ರೇಡಿಯೇಟರ್ ಅಂಗಡಿಗೆ ಕೊಟ್ಟರೆ ಮೂಲ ಭಾಗವೇ ಉಳಿಯುತ್ತದೆ. ಅಲ್ಯೂಮಿನಿಯಂನ ಹೊಸದನ್ನು ತಂದು ಹಳೆಯದನ್ನು ಗುಜರಿಗೆ ಹಾಕುವ ಮೊದಲು ಈ ದಾರಿಯನ್ನು ನೋಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಆಗುವಂಥದು. ಪಾತ್ರೆಯ ನೀರಿನಲ್ಲಿ ಅದನ್ನು ದಾರ ಕಟ್ಟಿ, ತಳಕ್ಕೆ ತಾಗದಂತೆ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಬೇಕು. ಅದರ ಮೈಮೇಲೆ ಒತ್ತಿರುವ ಅಂಕಿ, ಉದಾಹರಣೆಗೆ 74, 82 ಅಥವಾ 88, ಬಾಯಿ ತೆರೆಯಲು ಆರಂಭಿಸುವ ಶಾಖ. ಪೂರ್ಣ ತೆರೆಯಲು ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬೇಕು. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿ ದಾಟುವುದೇ ಇಲ್ಲವಾದ್ದರಿಂದ 88ರ ಥರ್ಮೋಸ್ಟಾಟ್ ಅರೆಬರೆ ತೆರೆದು ನಿಂತರೆ ಅದನ್ನು ಕೆಟ್ಟದ್ದೆಂದು ಎಸೆಯಬಾರದು. ಅಂಥದನ್ನು ನೀರಿಗೆ ಮೂರನೇ ಒಂದು ಪಾಲು ಕೂಲೆಂಟ್ ಬೆರೆಸಿ, ಅಡುಗೆಗೆ ಮತ್ತೆಂದೂ ಬಳಸದ ಡಬ್ಬಿಯಲ್ಲಿ, ಮನೆಯ ಹೊರಗೆ ಪರೀಕ್ಷಿಸಬೇಕು. ಜೋಡಿಸುವಾಗ ಸ್ಪ್ರಿಂಗ್ ಇರುವ ಭಾಗ ಎಂಜಿನ್ನಿನ ಕಡೆಗಿರಬೇಕು, ಚಿಕ್ಕ ಗಾಳಿಯ ತೂತು ಮೇಲಕ್ಕಿರಬೇಕು.

ಥರ್ಮೋಸ್ಟಾಟನ್ನು ಕಿತ್ತುಹಾಕಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಬೈಪಾಸ್ (ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುವ ದಾರಿ) ಇರುವ ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಬೈಪಾಸನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಮತ್ತೆ ಎಂಜಿನ್ನಿಗೆ ತಿರುಗಿ, ಗಾಡಿ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಬೈಪಾಸ್ ಇಲ್ಲದವುಗಳಲ್ಲಿ ಮಲೆನಾಡಿನ ಚಳಿಯ ಬೆಳಗಿನಲ್ಲಿ ಎಂಜಿನ್ ಹದಕ್ಕೇ ಬರದೆ, ಸಿಲಿಂಡರ್ ಗೋಡೆಗಳು ಬೇಗ ಸವೆಯುತ್ತವೆ. ಇನ್ನೂ ಹಳೆಯ ಆಸ್ಟಿನ್ ಸೆವೆನ್, ಫೋರ್ಡ್ ಮಾಡೆಲ್ ಟಿಯಂಥ ಕಾರುಗಳಲ್ಲಿ ಪಂಪೇ ಇರುವುದಿಲ್ಲ. ಬಿಸಿನೀರು ತಾನಾಗಿ ಮೇಲೇರಿ, ತಣಿದದ್ದು ಕೆಳಗಿಳಿದು ಸುತ್ತುತ್ತದೆ. ಅವುಗಳಲ್ಲಿ ನೀರಿನ ಮಟ್ಟ ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಸುತ್ತಾಟವೇ ನಿಂತುಹೋಗುತ್ತದೆ.

ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದರ ಸೀಲು ಹೋಗಿದೆ, ಫ್ಯಾನನ್ನು ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ಹೋಗಿದೆ. ಹೊರಗಿನಿಂದ ಎಲ್ಲ ಸರಿಯಿದ್ದೂ ಒಳಗೆ ನೀರು ತಳ್ಳುವ ಇಂಪೆಲ್ಲರ್ ತುಕ್ಕು ತಿಂದು ಮೊಂಡಾಗಿರುವ ಅಥವಾ ಶಾಫ್ಟಿನ ಮೇಲೆ ಸಡಿಲಾಗಿ ತಿರುಗದಿರುವ ಸಾಧ್ಯತೆಯೂ ಇದೆ, ಅದನ್ನು ಬಿಚ್ಚಿಯೇ ನೋಡಬೇಕು. ಕೆಳಗಿನ ಹೋಸ್ ಪೈಪಿನ ಮೇಲೆ ಕಣ್ಣಿಟ್ಟು ಎಂಜಿನ್ ವೇಗ ಹೆಚ್ಚಿಸಿದಾಗ ಅದು ಚಪ್ಪಟೆಯಾದರೆ, ಪಂಪಿನ ಎಳೆತಕ್ಕೆ ಮೆತ್ತಗಾದ ರಬ್ಬರ್ ಕುಸಿಯುತ್ತಿದೆ. ಹೊಸ ಹೋಸ್ ಹಾಕುವಾಗ ಮೂಲದಲ್ಲಿದ್ದ ಒಳಗಿನ ಸ್ಪ್ರಿಂಗನ್ನು ಬಿಡಬಾರದು.

ಬ್ಲಾಕಿನ ಹೂಳನ್ನು ಕೊನೆಗೆ ನೋಡಬೇಕು. ಬ್ಲಾಕಿನ ಪಕ್ಕದ ಡ್ರೈನ್ ಟ್ಯಾಪ್ ತೆರೆದಾಗ ನೀರು ಬಾರದಿದ್ದರೆ ತಂತಿ ಹಾಕಿ ಕೆದಕಬೇಕು. ಆಗ ಬರುವ ಕೆಂಪು ರಾಡಿಯೇ ಒಳಗಿನ ಸ್ಥಿತಿ ತಿಳಿಸುತ್ತದೆ. ಪಂಪಿನಿಂದ ದೂರದ ಹಿಂದಿನ ಸಿಲಿಂಡರ್ ಸುತ್ತ ಹೂಳು ಹೆಚ್ಚು ನಿಲ್ಲುವುದರಿಂದ, ಹೆಡ್ಡಿನ ಹಿಂಭಾಗ ಮುಂಭಾಗಕ್ಕಿಂತ ಗಣನೀಯವಾಗಿ ಬಿಸಿಯಾಗಿದ್ದರೆ ಬ್ಲಾಕಿನ ತೂತುಗಳನ್ನು ಮುಚ್ಚಿರುವ ಕೋರ್ ಪ್ಲಗ್‌ಗಳನ್ನು ತೆಗೆಸಿ ತೊಳೆಸಬೇಕು. ಪ್ಲೈಮೌತ್, ಡಾಡ್ಜ್ ಗಾಡಿಗಳ ಸೈಡ್ ವಾಲ್ವ್ (ವಾಲ್ವುಗಳು ಹೆಡ್ಡಿನ ಬದಲು ಬ್ಲಾಕಿನಲ್ಲಿರುವ) ಆರು ಸಿಲಿಂಡರ್ ಎಂಜಿನ್ನುಗಳಲ್ಲಿ ಪಂಪಿನ ಹಿಂದೆ ಬ್ಲಾಕಿನ ಉದ್ದಕ್ಕೂ ನೀರು ಹಂಚುವ ತಗಡಿನ ಕೊಳವೆಯೊಂದಿದೆ; ಅದು ತುಕ್ಕು ತಿಂದು ಮುರಿದಿರುವುದು ಆ ಎಂಜಿನ್ನುಗಳ ಪ್ರಸಿದ್ಧ ಕಾಯಿಲೆ. ತೊಳೆಯುವಾಗ ರೇಡಿಯೇಟರನ್ನೂ ಬ್ಲಾಕನ್ನೂ ಬೇರ್ಪಡಿಸಿ, ಒಂದರ ಹೂಳು ಇನ್ನೊಂದಕ್ಕೆ ಹೋಗದಂತೆ ತೊಳೆಯಬೇಕು. ಸುಣ್ಣದ ಪೊರೆಗೆ ನಿಂಬೆ ಉಪ್ಪಿನ ತೆಳು ದ್ರಾವಣವನ್ನು ಸ್ವಲ್ಪ ಹೊತ್ತು ಬಳಸಿ ಚೆನ್ನಾಗಿ ಜಾಲಿಸಿದರೆ ಸಾಕು. ಶೌಚಾಲಯ ತೊಳೆಯುವ ಆಸಿಡ್ ಬೆಸುಗೆಯನ್ನೂ ಅಲ್ಯೂಮಿನಿಯಂ ಭಾಗಗಳನ್ನೂ ತಿನ್ನುತ್ತದೆ. ತೊಳೆದ ನಂತರದ ಮೊದಲ ಓಟಗಳಲ್ಲಿ ಮೇಲಿನ ಹೋಸ್‌ನೊಳಗೆ ನೈಲಾನ್ ಬಲೆಯ ತುಂಡೊಂದನ್ನು ಭದ್ರವಾಗಿ ಕೂರಿಸಿದರೆ ಕಳಚಿದ ತುಕ್ಕು ರೇಡಿಯೇಟರಿಗೆ ಇಳಿಯದು. ಅದನ್ನು ಆಗಾಗ ತೆಗೆದು ತೊಳೆಯುತ್ತಿರಬೇಕು.

ಟೈಮಿಂಗ್ ಮತ್ತು ಮಿಶ್ರಣ

ನೀರಿನ ಕಡೆ ಎಲ್ಲವೂ ಸರಿಯಿದ್ದೂ ಏರಿನಲ್ಲಿ ಕಾಯುವ ಗಾಡಿಯಲ್ಲಿ ಇಗ್ನಿಷನ್ ನೋಡಲೇಬೇಕು. ಕಿಡಿ ತಡವಾಗಿ ಹಾರಿದರೆ ಪೆಟ್ರೋಲ್ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಉರಿಯುತ್ತಲೇ ಇದ್ದು, ಪಿಸ್ಟನ್ನನ್ನು ತಳ್ಳಬೇಕಾದ ಶಾಖ ಎಕ್ಸಾಸ್ಟ್ ದಾರಿಯ ಗೋಡೆಗೂ ಅಲ್ಲಿಂದ ನೀರಿಗೂ ಹೋಗುತ್ತದೆ. ವಿಲ್ಲಿಸ್ ಜೀಪಿನ ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ದಾರಿ ಬ್ಲಾಕಿನ ಒಳಗೇ ಹಾಯುವುದರಿಂದ ಟೈಮಿಂಗ್ ತುಸು ಹಿಂದೆ ಬಿದ್ದರೂ ಅದರ ಪರಿಣಾಮ ಬೇಗ ಕಾಣುತ್ತದೆ. ಟೈಮಿಂಗ್ ಲೈಟ್ ಹಿಡಿದು ನಿಧಾನಗತಿಯಲ್ಲಿ ಮಾತ್ರ ನೋಡಿದರೆ ಸಾಲದು. ವೇಗ ಹೆಚ್ಚಿಸಿದಾಗ ಗುರುತು ಮುಂದೆ ಸರಿಯಬೇಕು. ಸರಿಯದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಅಂಟಿಕೊಂಡಿವೆ. ರೋಟರನ್ನು ಕೈಯಿಂದ ಸ್ವಲ್ಪ ತಿರುಗಿಸಿ ಬಿಟ್ಟಾಗ ಅದು ತಾನಾಗಿ ಹಿಂದಕ್ಕೆ ಬರಬೇಕು. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಕಿಡಿಯನ್ನು ಮುಂಚಿತಗೊಳಿಸುವ ಸಾಧನ) ಇದ್ದರೆ ಅದರ ಕೊಳವೆಯನ್ನು ಕಾರ್ಬುರೇಟರ್ ಕಡೆ ಬಿಚ್ಚಿ, ಶುಚಿಯಾದ ರಬ್ಬರ್ ಕೊಳವೆ ಸಿಕ್ಕಿಸಿ ಬಾಯಿಂದ ಎಳೆದಾಗ ಪಾಯಿಂಟ್ ಪ್ಲೇಟ್ ಸರಿಯಬೇಕು ಮತ್ತು ಎಳೆತ ಸೋರದೆ ಹಾಗೆಯೇ ಉಳಿಯಬೇಕು.

ತೆಳು ಮಿಶ್ರಣ ಇನ್ನೊಂದು ಕಾರಣ. ಓಟದ ನಂತರ ಬಿಚ್ಚಿದ ಸ್ಪಾರ್ಕ್ ಪ್ಲಗ್ ಸುಣ್ಣದಂತೆ ಬಿಳಿಯಾಗಿದ್ದರೆ ಕಾರ್ಬುರೇಟರ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿರಬಹುದು ಅಥವಾ ಇನ್‌ಲೆಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ನುಗ್ಗುತ್ತಿರಬಹುದು. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಪೆಟ್ರೋಲ್ ಸಿಂಪಡಿಸಿ ಸೋರಿಕೆ ಹುಡುಕುವ ಅಭ್ಯಾಸವನ್ನು ಬಿಡಬೇಕು. ನೀರಿನ ಸ್ಪ್ರೇ ಬಾಟಲಿಯಿಂದ ಜೋಡಣೆಯ ಮೇಲೆ ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾದರೂ ಅದೇ ಸುಳಿವು ಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಹೊಸ ಕಾರಣವೊಂದು ಸೇರಿದೆ. ಬಂಕುಗಳಲ್ಲಿ ಈಗ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆಮ್ಲಜನಕ ಇರುವುದರಿಂದ, ಹಳೆಯ ಜೆಟ್ಟಿನ ಮೂಲಕ ಅಷ್ಟೇ ಇಂಧನ ಹೋದರೂ ಮಿಶ್ರಣ ತೆಳುವಾಗುತ್ತದೆ. ನಮ್ಮ ಎತ್ತರದ ತೆಳು ಗಾಳಿ ಮಿಶ್ರಣವನ್ನು ತುಸು ಗಟ್ಟಿಯಾಗಿಸುವುದರಿಂದ ಇದರಲ್ಲಿ ಒಂದಿಷ್ಟು ಸರಿದೂಗುತ್ತದೆ. ಆದ್ದರಿಂದ ಲೆಕ್ಕ ಹಾಕಿ ಜೆಟ್ ಬದಲಿಸುವ ಬದಲು ಪ್ಲಗ್ಗಿನ ಬಣ್ಣ ನೋಡಿ ಒಂದು ಅಳತೆ ದೊಡ್ಡದನ್ನು ಹಾಕಿ ನೋಡುವುದು ಸರಿ. ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನೂ ತಿನ್ನುತ್ತದೆಯಾದ್ದರಿಂದ ಅವನ್ನು ಇದೇ ಸಮಯದಲ್ಲಿ ಬದಲಿಸಬೇಕು.

ಹೆಡ್ ಗ್ಯಾಸ್ಕೆಟ್

ಇಷ್ಟಾದ ಮೇಲೂ ಕಾರಣ ಸಿಗದಿದ್ದರೆ ಗ್ಯಾಸ್ಕೆಟ್ ಪರೀಕ್ಷೆಗೆ ಬರಬೇಕು. ತಣ್ಣನೆಯ ಎಂಜಿನ್ನಿನ ಥರ್ಮೋಸ್ಟಾಟ್ ತೆಗೆದು, ನೀರು ಮೇಲ್ಮಟ್ಟ ತುಂಬಿ, ಪಂಪ್ ತಿರುಗದಂತೆ ಬೆಲ್ಟ್ ಸಡಿಲಿಸಿ, ಒಂದು ನಿಮಿಷ ಮಾತ್ರ ಎಂಜಿನ್ ಓಡಿಸಬೇಕು. ನೀರಿನಲ್ಲಿ ಒಂದೇ ಸಮನೆ ಗುಳ್ಳೆಗಳು ಏಳುತ್ತಿದ್ದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ. ಪಕ್ಕಪಕ್ಕದ ಎರಡು ಸಿಲಿಂಡರುಗಳ ಕಂಪ್ರೆಷನ್ ಒಟ್ಟಿಗೆ ಕಡಿಮೆಯಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದಂತಾಗಿದ್ದರೆ, ಅಥವಾ ಹೊಗೆಕೊಳವೆಯ ಬಿಳಿ ಆವಿ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಅನುಮಾನ ದೃಢವಾಗುತ್ತದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದ ಬೆಳಗುಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಬರುವ ಬಿಳಿ ಆವಿ ಸಹಜವಾದದ್ದು, ಅದನ್ನು ನೋಡಿ ಹೆಡ್ ಬಿಚ್ಚಬಾರದು. ಬಿಚ್ಚಲೇಬೇಕಾಗಿ ಬಂದರೆ ಹೆಡ್ಡಿನ ತಳವನ್ನು ನೇರಪಟ್ಟಿಯಿಂದ ಉದ್ದಕ್ಕೂ ಕರ್ಣಕ್ಕೂ ಅಳೆಸಿ, ಬಾಗಿದ್ದರೆ ಮಾತ್ರ ಸಮ ಮಾಡಿಸಬೇಕು.

ದಾರಿಯಲ್ಲಿ ಕಾದಾಗ

ಘಾಟಿಯ ನಡುವೆ ಮುಳ್ಳು ಏರತೊಡಗಿದರೆ ಗೇರ್ ಇಳಿಸಿ, ಎಂಜಿನ್ನಿಗೆ ಭಾರ ಕಡಿಮೆ ಮಾಡಿ, ಹೀಟರ್ ಇದ್ದರೆ ಪೂರ್ತಿ ತೆರೆದು, ಅಗಲವಾದ ತಿರುವಿನಲ್ಲಿ ನಿಲ್ಲಿಸಬೇಕು. ನೀರು ಹೊರಚೆಲ್ಲಿರದಿದ್ದರೆ ಎಂಜಿನ್ನನ್ನು ಮೆಲ್ಲಗೆ ಓಡುತ್ತಲೇ ಬಿಡುವುದು ಒಳ್ಳೆಯದು, ಏಕೆಂದರೆ ಪಂಪು ಮತ್ತು ಫ್ಯಾನು ಕೆಲಸ ಮುಂದುವರಿಸುತ್ತವೆ. ನೀರು ಖಾಲಿಯಾಗಿದ್ದರೆ ಕೂಡಲೇ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು. ಪಕ್ಕದ ಝರಿಯ ತಣ್ಣೀರನ್ನು ಕಾದ ಬ್ಲಾಕಿನ ಮೇಲೆ ಸುರಿಯುವುದು ಅಥವಾ ಒಮ್ಮೆಲೇ ಒಳಗೆ ತುಂಬುವುದು ಎರಕದ ಕಬ್ಬಿಣವನ್ನು ಸೀಳಿಬಿಡಬಹುದು. ತಣಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಅದು ಓಡುತ್ತಿರುವ ಹಾಗೆಯೇ ಸ್ವಲ್ಪಸ್ವಲ್ಪವಾಗಿ ತುಂಬಬೇಕು.

ದುರಸ್ತಿಯ ನಂತರದ ಪರೀಕ್ಷೆಯನ್ನು ಮೊದಲು ಗುರುತಿಟ್ಟ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ, ಸಾಧ್ಯವಾದಷ್ಟು ಅದೇ ಹೊತ್ತಿನಲ್ಲಿ ಮಾಡಿ, ಹೊಸ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲಿ ಬರೆಯಬೇಕು. ಮಾರ್ಚ್ ಏಪ್ರಿಲ್‌ನ ಬಿಸಿಲಿನಲ್ಲಿ ಕಾದ ಗಾಡಿ ಜುಲೈ ಮಳೆಯಲ್ಲಿ ತಣ್ಣಗೆ ಓಡಿದರೆ ಅದು ರಿಪೇರಿಯ ಫಲವೆಂದು ಹೇಳಲಾಗದು. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್ ಬಿಗಿಯಾಗಿರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ತುಸು ಹೆಚ್ಚೇ ಕಾಯುತ್ತದೆ, ಆ ಅವಧಿಯಲ್ಲಿ ಅದನ್ನು ಘಾಟಿಗೆ ಒಯ್ಯಬಾರದು. ಹೆಡ್ ಬಿಚ್ಚಿದ್ದಾಗಿದ್ದರೆ, ಮೊದಲ ಓಟದ ನಂತರ ಆ ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಕ್ರಮ ಮತ್ತು ಅಳತೆಗೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿಸಬೇಕು. ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುನ್ನ, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಟು ಇಳಿದಿರಬಹುದಾದ ನೀರಿನ ಮಟ್ಟವನ್ನು ನೋಡಿ ತುಂಬಿಸಬೇಕು.